ನಡೆಯದ ಸಭೆಯ ಪುಸ್ತಕ

ನೆಂಟರೆಲ್ಲ ಹೋದ ಮಾರನೆಯ ಬೆಳಗ್ಗೆ ಅತ್ತೆ ಎತ್ತಿದ ಮೊದಲ ಮಾತು ಕುರ್ಚಿಗಳದ್ದು. ಕೆಳಗಿನ ಮನೆಯಿಂದ ತಂದ ಹನ್ನೊಂದು ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಕೂತು ಹಜಾರದ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತಿದ್ದವು. ಮಗನ ಅಂತ್ಯಕ್ರಿಯೆ ಮುಗಿದು ಹನ್ನೆರಡು ದಿನವಾಗಿತ್ತು. ಅಷ್ಟೂ ದಿನ ಯಾರೋ ಚಹಾ ಕೊಟ್ಟರೆ ಸೊಸೆ ಕುಡಿದಳು, ಯಾರೋ ಮಲಗು ಅಂದರೆ ಮಲಗಿದಳು. ಇವತ್ತು ಮಲಗು ಅನ್ನುವವರಿಲ್ಲ. ಎಂದಿನಂತೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯವನ ಸ್ಕೂಟರು ಮೂರು ಸಲ ಕೆಮ್ಮಿ ನಾಲ್ಕನೆಯದಕ್ಕೆ ಹೊರಟಿತು. ಬೀದಿ ತನ್ನ ಪಾಡಿಗೆ ತಾನಿತ್ತು.

"ತಂದ ಸಾಮಾನು ಮನೇಲಿ ಬೇರು ಬಿಡಬಾರದು ಕಣೇ," ಅಂದರು ಅತ್ತೆ. "ಮೊದಲು ಮೇಲಿನ ಮನೆಯವಳನ್ನ ಕೂಗು."

ಕುರ್ಚಿ ಕೆಳಗಿನ ಮನೆಯದು; ಮೇಲಿನ ಮನೆಯವಳು ಯಾಕೆ ಬೇಕು ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಲವತ್ತು ವರ್ಷದ ಹಿಂದೆ ಅತ್ತೆ ಎರವಲು ತಂದಿದ್ದ ತಮ್ಮ ನಾದಿನಿಯ ತಾಮ್ರದ ಹಂಡೆಯನ್ನು ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿನಲ್ಲಿ, ಅವಳ ಅಡುಗೆಮನೆಯಲ್ಲಿಟ್ಟು ಬಂದಿದ್ದರು. ಹಂಡೆ ಬರಲೇ ಇಲ್ಲ ಎಂದಳು ನಾದಿನಿ. ಸಾಯುವ ತನಕ ಹಾಗೇ ಅಂದಳು. "ಪ್ರಾಣ ಹೋಗುವಾಗಲೂ ನನ್ನ ಹಂಡೆ ಅಂತಲೇ ಹೋದ್ಲು ಪುಣ್ಯಾತ್ಗಿತ್ತಿ" ಎಂದು ಅತ್ತೆ ಈಗಲೂ ಹೇಳುತ್ತಾರೆ. ಅಂದಿನಿಂದ ಅವರದು ಒಂದೇ ಕಾನೂನು: ಎರವಲು ತಂದದ್ದನ್ನು ಹಗಲು ಹೊತ್ತಿನಲ್ಲಿ, ಮೂರನೆಯವರ ಎದುರಿಗೆ ವಾಪಸ್ ಕೊಡಬೇಕು. ಒಂದು ಲೋಟವಾದರೂ ಸರಿ. ಅವರ ಮಗ ಇದನ್ನು ಆಡಿಕೊಂಡು ನಗುತ್ತಿದ್ದ. ನಮ್ಮಮ್ಮ ಒಂದು ಕಚೇರಿ, ನಮ್ಮಪ್ಪ ಅದರಲ್ಲಿ ಕಳೆದುಹೋದ ಕಡತ ಅನ್ನುತ್ತಿದ್ದ.

ಮೇಲಿನ ಮನೆಯವಳು ಬಂದು ಮೆಟ್ಟಿಲ ಮೇಲೆ ನಿಂತಳು. ಸೊಸೆ ಕುರ್ಚಿಗಳನ್ನು ಮೂರು ಸಲಕ್ಕೆ ಇಳಿಸಿದಳು. ಅತ್ತೆ ಗಟ್ಟಿಯಾಗಿ ಎಣಿಸಿದರು. ಹನ್ನೊಂದಕ್ಕೆ ಹನ್ನೊಂದೂ ಮುಟ್ಟಿದವು. ವಾಪಸ್ ಬಂದು ನೋಡಿದರೆ ಹಜಾರದ ಮೂಲೆ ತೀರ ಖಾಲಿ ಕಂಡಿತು. ಆ ಕುರ್ಚಿಗಳು ಅಷ್ಟು ದಿನ ಅಲ್ಲಿ ನಿಂತು ಏನನ್ನೋ ಮರೆಮಾಡಿದ್ದವೆಂದು ಅವಳಿಗೆ ಆಗ ಗೊತ್ತಾಯಿತು. ಗಂಡನ ಆಫೀಸಿನ ಚೀಲ, ಗೋಡೆಗೆ ಒರಗಿ, ಆಸ್ಪತ್ರೆಯವರು ಕೊಟ್ಟ ದಿನ ಇಟ್ಟಲ್ಲೇ ಇತ್ತು.

ಚೀಲವನ್ನು ಅವಳು ಇನ್ನೂ ಎಷ್ಟು ದಿನ ಹಾಗೇ ಬಿಡುತ್ತಿದ್ದಳೋ. ಒಂಬತ್ತೂವರೆಗೆ ಫೋನು ಬಂತು. ಅವನ ಮೇಲಧಿಕಾರಿ.

ಅವನ ಕೆಲಸ ಹೀಗಿತ್ತು. ಸರ್ಕಾರದ ಕಾಗದ ಬೇಕೆಂದು ಜನ ಕೇಳುತ್ತಾರೆ, ಕಚೇರಿ ಕೊಡುವುದಿಲ್ಲ ಅನ್ನುತ್ತದೆ. ಇಲ್ಲವೇ ಜನರ ಎದುರು ನಡೆಸಬೇಕಾದ ಸಭೆಯನ್ನು ಬಾಗಿಲು ಹಾಕಿಕೊಂಡು ನಡೆಸುತ್ತದೆ. ಆಗ ಜನ ಮೇಲ್ಮನವಿ ಕಚೇರಿಗೆ ಬರುತ್ತಾರೆ. ಅದು ವಿಚಾರಣೆಗೆ ಹೋಗಿ ವರ್ಷಗಟ್ಟಲೆ ನಿಲ್ಲುವ ಮೊದಲು ಎರಡೂ ಕಡೆಯವರನ್ನು ಒಂದು ಮೇಜಿಗೆ ಕರೆದು, ಇವರು ಒಂದು ಹೆಜ್ಜೆ, ಅವರು ಒಂದು ಹೆಜ್ಜೆ ಇಡುವಂತೆ ಮಾಡಿ, ರಾಜಿಗೆ ಸಹಿ ಹಾಕಿಸುವ ಸಂಧಾನಕಾರ ಅವನು. ನಾಲ್ಕು ವರ್ಷದಲ್ಲಿ ತೊಂಬತ್ತೊಂಬತ್ತು ರಾಜಿ. ಆ ಕಚೇರಿಯಲ್ಲಿ ಅಷ್ಟನ್ನು ಯಾರೂ ಮಾಡಿರಲಿಲ್ಲ. ಮೂವತ್ತನಾಲ್ಕನೆಯ ವಯಸ್ಸಿಗೆ, ಒಂದು ಮಂಗಳವಾರ ಬೆಳಗ್ಗೆ, ಅದೇ ಕಚೇರಿಯ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ತಲೆಯೊಳಗಿನ ನರ ಒಡೆದು ಬಿದ್ದ. ಬಿದ್ದವನು ಏಳಲಿಲ್ಲ.

ಅಧಿಕಾರಿ ಮೆಲ್ಲಗೆ ಮಾತಾಡಿದರು. ಶುಕ್ರವಾರ ನಾಲ್ಕಕ್ಕೆ ಸಂತಾಪ ಸಭೆ ಇಟ್ಟಿದ್ದಾರೆ. ಸಂಧಾನದ ಕೋಣೆಯಲ್ಲಿ ಅವನ ಫೋಟೊ ಹಾಕುತ್ತಾರೆ. ಅದಕ್ಕೂ ಮೊದಲು ಮೂರು ಗಂಟೆಗೆ ಅವನೇ ಕುದುರಿಸಿದ್ದ ಕೊನೆಯ ರಾಜಿಗೆ ಎರಡೂ ಕಡೆಯವರು ಸಹಿ ಹಾಕುತ್ತಾರೆ. ಒಪ್ಪಂದದ ಮೂರು ಪ್ರತಿ ಅವನ ಚೀಲದಲ್ಲಿರಬೇಕು, ಅವು ಬೇಕಿತ್ತು.

"ಅದು ಅವರ ನೂರನೇದು ಅಮ್ಮ," ಅಂದರು. "ಅವರ ಹೆಸರಲ್ಲೇ ಮುಗೀಲಿ ಅಂತ ನಮ್ಮೆಲ್ಲರಾಸೆ."

ನೋಡುತ್ತೇನೆ ಎಂದಳು.

ಚೀಲದಲ್ಲಿ ಮೇಲೆಯೇ ಊಟದ ಡಬ್ಬಿ. ಅವಳೇ ತುಂಬಿ ಕೊಟ್ಟದ್ದು. ಮುಚ್ಚಳ ತೆಗೆಯದೆ ಹಾಗೇ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಬಾಲ್ಕನಿಗಿಟ್ಟು, ಕೈ ತೊಳೆದು ಬಂದಳು. ಅದರ ಕೆಳಗೆ ಕನ್ನಡಕದ ಪೆಟ್ಟಿಗೆ, ಎರಡು ಪೆನ್ಸಿಲು, ಒಂದು ಪ್ಲಾಸ್ಟಿಕ್ ಕಡತದೊಳಗೆ ಒಪ್ಪಂದದ ಮೂರು ಪ್ರತಿ. ಎಲ್ಲಕ್ಕಿಂತ ಕೆಳಗೆ ಅವಳ ದಿಂಬಿನ ಚೀಲ.

ಬಿಳಿ ಬಟ್ಟೆ, ಅಂಚಿಗೆ ಹಸಿರು ಗೆರೆ. ಹೋದ ತಿಂಗಳು ಅದನ್ನು ಹುಡುಕಿದ್ದಳು. ತಂತಿಯ ಮೇಲೆ ಒಣಹಾಕಿದ್ದನ್ನು ಗಾಳಿ ಒಯ್ದಿರಬೇಕೆಂದು ಪಕ್ಕದ ಮನೆಯ ಹಿತ್ತಲನ್ನೂ ಇಣುಕಿ ಬಂದಿದ್ದಳು. ಅವನೂ ಜೊತೆಗೆ ಹುಡುಕಿದ್ದ. ಮಂಚದ ಕೆಳಗೆ ಬಗ್ಗಿ ನೋಡಿ ಇಲ್ಲಿಲ್ಲ ಕಣೇ ಎಂದಿದ್ದ.

ಅದರೊಳಗೆ ಒಂದು ಪುಸ್ತಕವಿತ್ತು. ನೀಲಿ ರಟ್ಟು, ಬೆನ್ನಿಗೆ ಚರ್ಮ, ಮೇಲೆ ನಗರಸಭೆಯ ಮುದ್ರೆ, ಒಂದು ಸಂಖ್ಯೆ. ಕೆಳಗೆ ದುಂಡಾದ ಅಕ್ಷರದಲ್ಲಿ "ವಿಶೇಷ ಸಭೆಗಳ ನಡಾವಳಿ" ಎಂದು ಬರೆದಿತ್ತು. ನಡುವಿನ ಒಂದು ಪುಟದಲ್ಲಿ ಬಸ್ಸಿನ ಚೀಟಿ ಸಿಕ್ಕಿಸಿತ್ತು.

ಮಾರನೆಯ ದಿನ ಪುಸ್ತಕದ ಒಡೆಯನೇ ಬಂದ. ಒಡೆಯ ಅನ್ನುವುದು ದೊಡ್ಡ ಮಾತಾಯಿತು. ನಗರಸಭೆಯ ದಾಖಲೆ ಕೋಣೆ ನೋಡಿಕೊಳ್ಳುವವನು, ಇನ್ನೇನು ನಿವೃತ್ತಿಯಾಗುವ ಮನುಷ್ಯ. ಗಂಡ ಅವನನ್ನು ಧೂಳಪ್ಪ ಅನ್ನುತ್ತಿದ್ದ. ನೋಡಿದರೆ ಹೆಸರು ಸುಳ್ಳಲ್ಲ. ಹುಬ್ಬಿನ ಮೇಲೂ ಕಿವಿಯ ಮಡಿಕೆಯಲ್ಲೂ ಕಾಗದದ ಬೂದಿಬಣ್ಣ ಹೊಕ್ಕಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದವನು ಕೂರಲು ಕುರ್ಚಿ ಹುಡುಕಿ, ಸಿಗದೆ, ಕಿಟಕಿಯ ಕಟ್ಟೆಗೆ ಒರಗಿ ನಿಂತ. ಸತ್ತವನ ಗುಣಗಾನ ಮಾಡಿದ. ಅವಳ ಫೋನ್ ನಂಬರು ಬರೆದುಕೊಳ್ಳುವಾಗ ಒಂದೊಂದು ಅಂಕಿಯನ್ನೂ ಬಾಯಲ್ಲಿ ಗಟ್ಟಿಯಾಗಿ ಹೇಳುತ್ತ ಬರೆದ. ಅತ್ತೆ ಒಳಗಿನಿಂದ ಇಣುಕಿದಾಗ ನಾಚಿಕೊಂಡ. ಮೂವತ್ತೆರಡು ವರ್ಷದ ರೂಢಿಯಂತೆ. ಬಾಯಿ ಸುಮ್ಮನಿದ್ದರೆ ಅವನ ಕೈ ಬರೆಯುವುದಿಲ್ಲವಂತೆ.

ಆಮೇಲೆ ದನಿ ಇಳಿಸಿ ವಿಷಯ ಹೇಳಿದ.

ಎರಡು ವರ್ಷದ ಹಿಂದೆ ಬಸ್ ನಿಲ್ದಾಣದ ಮೇಲಿನ ಕಾಲುಸೇತುವೆ ಬಿದ್ದದ್ದು ಊರಿಗೆಲ್ಲ ಗೊತ್ತು. ಬೆಳಗಿನ ಎಂಟು ಗಂಟೆ, ಕೆಲಸಕ್ಕೆ ಹೋಗುವವರ ಹೊತ್ತು. ಆರು ಜನ ಹೋದರು. ಅವರಲ್ಲಿ ಒಬ್ಬ ಹುಡುಗಿಗೆ ಹತ್ತೊಂಬತ್ತು ವರ್ಷ. ಅವಳ ತಾಯಿ ಬಟ್ಟೆ ಹೊಲಿಯುವವಳು. ಸೇತುವೆ ಬೀಳುವ ಹದಿನಾರು ದಿನ ಮೊದಲು ನಗರಸಭೆಯಲ್ಲಿ ಬಾಗಿಲು ಹಾಕಿ ಒಂದು ಸಭೆ ನಡೆದಿತ್ತು, ಅದರಲ್ಲಿ ಸೇತುವೆಯ ಮಾತು ಬಂದಿತ್ತು ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಆ ಸಭೆಯ ನಡಾವಳಿ ಕೊಡಿ ಎಂದು ಕೇಳಿದಳು. ಆ ದಿನ ಯಾವ ಸಭೆಯೂ ನಡೆದಿಲ್ಲ, ಯಾವ ಪುಸ್ತಕವೂ ಇಲ್ಲ ಎಂದು ಕಾರ್ಯದರ್ಶಿ ಬರೆದುಕೊಟ್ಟರು. ಅವಳು ಮೇಲ್ಮನವಿ ಹಾಕಿದಳು. ಕಾರ್ಯದರ್ಶಿ ಧೂಳಪ್ಪನನ್ನು ಕರೆದು, ಆ ನೀಲಿ ಪುಸ್ತಕವನ್ನು ಕತ್ತರಿಸುವ ಯಂತ್ರಕ್ಕೆ ಹಾಕು ಎಂದರು. ಅವನು ಬೇರೆ ಯಾವುದೋ ಹಳೆಯ ಹಾಜರಿ ಪುಸ್ತಕ ಹಾಕಿ, ಆಯಿತು ಸಾರ್ ಎಂದ. ಇದನ್ನು ಮೇಲಿನ ಕಪಾಟಿನಲ್ಲಿ ಹಿಂದಕ್ಕೆ ತಳ್ಳಿದ.

"ಪುಸ್ತಕ ಕಾದೋನು ನಾನು. ಕೊಲ್ಲೋಕೆ ಕೈ ಬರ್ಲಿಲ್ಲ," ಅಂದ. "ಹೇಳೋಕೆ ಬಾಯೂ ಬರ್ಲಿಲ್ಲ."

ಆಮೇಲೆ ಸಂಧಾನಕಾರರು ಬಂದರು. ಧೂಳಪ್ಪನ ಕೋಣೆಯಲ್ಲಿ ಕೂತು, ಗಂಟೆಗಟ್ಟಲೆ ಸುಮ್ಮನಿದ್ದು, ಕೊನೆಗೆ ಒಂದು ದಿನದ ಮಟ್ಟಿಗೆ ಕೊಡಿ ಎಂದರು. ಅವನು ಕೊಟ್ಟ. ಕೊಟ್ಟು, ಅವನ ಕಸುಬಿನವರು ಮಾತ್ರ ಮಾಡಬಹುದಾದ ಒಂದು ತಪ್ಪು ಮಾಡಿದ. ದಾಖಲೆ ಕೋಣೆಯಲ್ಲಿ ಒಂದು ಪುಸ್ತಕ ಎತ್ತಿದರೆ ಆ ಜಾಗ ಖಾಲಿ ಬಿಡುವಂತಿಲ್ಲ. ಅಲ್ಲೊಂದು ಕೆಂಪು ರಟ್ಟು ಇಡಬೇಕು. ಯಾವ ಪುಸ್ತಕ, ಯಾರು ಒಯ್ದರು, ಯಾವ ತಾರೀಖು, ಒಯ್ದವರ ಸಹಿ. ಸಂಧಾನಕಾರರು ಸಹಿ ಹಾಕಿದರು, ಇವನು ರಟ್ಟು ಇಟ್ಟ. ಮನೆಗೆ ಹೋಗಿ ಊಟಕ್ಕೆ ಕೂತಾಗ ಹೊಳೆಯಿತು.

"ಇಲ್ಲದ ಪುಸ್ತಕಕ್ಕೆ ರಸೀದಿ ಇಟ್ಟ ಜಾಣ ಪ್ರಪಂಚದಲ್ಲಿ ನಾನೊಬ್ಬನೇ ಇರ್ಬೇಕು ತಾಯಿ."

ಕಿತ್ತು ಬಿಸಾಡಬಹುದಿತ್ತಲ್ಲ ಎಂದು ಅವಳು ಕೇಳಿದಳು. ಅವನು ಅವಳನ್ನು ವಿಚಿತ್ರವಾಗಿ ನೋಡಿದ. ಪುಸ್ತಕ ಬಾರದೆ ರಟ್ಟು ಕೀಳುವುದೇ? ಅದಾಗುವ ಮಾತಲ್ಲ. ಹದಿನೈದನೆಯ ತಾರೀಖಿಗೆ ಅವನು ಕೋಣೆಯ ಬೀಗದ ಕೈ ಹೊಸಬನಿಗೆ ಕೊಡಬೇಕು. ಹೊಸಬ ಕಾರ್ಯದರ್ಶಿಯ ಕಡೆಯವನು, ಕಪಾಟು ಕಪಾಟು ತಡವಿ ನೋಡುತ್ತಾನೆ. ಪುಸ್ತಕ ಮರಳಿ ಜಾಗಕ್ಕೆ ಬಂದರೆ ರಟ್ಟನ್ನು ತೆಗೆದು ಹರಿಯಬಹುದು. ಆಮೇಲೆ ಹೊಸಬ ಪುಸ್ತಕವನ್ನು ಏನು ಮಾಡುತ್ತಾನೋ ಅದು ಅವನ ಪಾಪ.

ಗುರುವಾರ ತರುತ್ತೇನೆ ಎಂದಳು. ಯಾಕೆ ಆಗಲೇ ಕೊಡಲಿಲ್ಲವೆಂದು ಅವಳಿಗೇ ತಿಳಿಯಲಿಲ್ಲ. ಪುಸ್ತಕ ಪಕ್ಕದ ಕೋಣೆಯಲ್ಲೇ ಇತ್ತು.

"ಕೌಂಟರಿಗೆ ಬರ್ಬೇಡಿ," ಅಂದ ಧೂಳಪ್ಪ, ಚಪ್ಪಲಿ ಮೆಟ್ಟುತ್ತ. "ಹಿಂದುಗಡೆ ಬಾಗಿಲಿದೆ. ಕೌಂಟರಲ್ಲಿ ಕೊಟ್ರೆ ವಹೀಲಿ ಬರೀಬೇಕಾಗುತ್ತೆ. ಆ ವಹಿ ಯಾರು ಬೇಕಾದ್ರೂ ನೋಡ್ಬಹುದು."

ಅವನು ಹೋದ ಮೇಲೆ, ಮಧ್ಯಾಹ್ನದ ಬಿಸಿಲು ಮಂಚದವರೆಗೆ ಬಂದಾಗ, ಅವಳು ಬಸ್ ಚೀಟಿ ಇದ್ದ ಪುಟ ತೆರೆದಳು. ಪುಸ್ತಕಗಳ ಕೊನೆಯಲ್ಲಿ ಬರುವ ಪದಸೂಚಿ ತಯಾರಿಸುವುದು ಅವಳ ಕೆಲಸ. ವಿಶ್ವವಿದ್ಯಾಲಯದಲ್ಲಿ ಎರಡು ಪದವಿ ಪಡೆದು ಕಲಿತದ್ದು ಕಡೆಗೆ ಇಷ್ಟು, ಯಾವ ಮಾತು ಯಾವ ಪುಟದಲ್ಲಿದೆ ಎಂದು ಹುಡುಕುವುದು. ಹಾಗೇ ಓದಿದಳು. ಹಾಜರಿದ್ದ ಸದಸ್ಯರು ಹದಿನೇಳು. ಆರನೆಯ ವಿಷಯ ಸಭಾಂಗಣದ ಪರದೆಗಳ ಬಣ್ಣ. ಅದಕ್ಕೆ ಹನ್ನೊಂದು ಸಾಲು. ಕಂದು ಬೇಡ, ಕೊಳೆ ಕಂಡರೂ ಕೆನೆಬಣ್ಣವೇ ಇರಲಿ ಎಂದು ಒಬ್ಬರು, ಕಿಟಕಿಗೆ ಬಿಸಿಲು ಜಾಸ್ತಿ ಎಂದು ಇನ್ನೊಬ್ಬರು. ಏಳನೆಯ ವಿಷಯಕ್ಕೆ ಎರಡು ಸಾಲು. ಕಾಲುಸೇತುವೆಯನ್ನು ಕೂಡಲೇ ಮುಚ್ಚಬೇಕೆಂಬ ಎಂಜಿನಿಯರರ ಪತ್ರವನ್ನು ಓದಲಾಯಿತು. ಜನ ರಸ್ತೆಗಿಳಿದರೆ ವಾಹನಗಳಿಗೆ ಅಡಚಣೆಯಾಗುವುದರಿಂದ ಮುಂದಿನ ಸಭೆಗೆ ಮುಂದೂಡಲಾಯಿತು.

ಅಂಚಿನಲ್ಲಿ ಪೆನ್ಸಿಲಿನ ಒಂದು ಸಣ್ಣ ಗೆರೆ. ಅದು ಅವನದು. ಗ್ರಂಥಾಲಯದ ಪುಸ್ತಕದ ಮೇಲೆ ಅವಳು ಗೆರೆ ಎಳೆದರೆ ಜಗಳ ತೆಗೆಯುತ್ತಿದ್ದವನದು.

ಆಮೇಲೆ ಒಪ್ಪಂದ ಓದಿದಳು. ನಾಲ್ಕನೆಯ ಅಂಶ ಹೀಗಿತ್ತು: ಆ ದಿನಾಂಕದಂದು ಯಾವುದೇ ಸಭೆ ನಡೆದಿರಲಿಲ್ಲ ಹಾಗೂ ಕೋರಿದ ದಾಖಲೆ ಅಸ್ತಿತ್ವದಲ್ಲಿಲ್ಲ ಎಂಬುದನ್ನು ಉಭಯ ಪಕ್ಷಗಳೂ ಒಪ್ಪಿರುತ್ತವೆ, ಸಂಧಾನಕಾರರು ಪರಿಶೀಲಿಸಿ ಖಚಿತಪಡಿಸಿರುತ್ತಾರೆ. ಅದಕ್ಕೆ ಬದಲಾಗಿ ನಗರಸಭೆ ಒಂದು ವಿಷಾದ ಪತ್ರ ಕೊಡುತ್ತದೆ. ಎರಡು ಪಕ್ಷಗಳ ಜಾಗ ಖಾಲಿ. ಸಂಧಾನಕಾರನ ಜಾಗದಲ್ಲಿ ಅವನ ಸಹಿ, ಮೂರು ಪ್ರತಿಯಲ್ಲೂ. ಸಾಯುವ ನಾಲ್ಕು ದಿನ ಮೊದಲಿನ ತಾರೀಖು.

ಆ ಸಹಿ ಹಾಕಿದ ಮೇಲೂ ಅವನು ಪುಸ್ತಕವನ್ನು ಹಿಂದಿರುಗಿಸಲಿಲ್ಲ, ಹಾಳುಮಾಡಲೂ ಇಲ್ಲ. ಸುಳ್ಳನ್ನೂ ಅದರ ಸಾಕ್ಷಿಯನ್ನೂ ಒಂದೇ ಚೀಲದಲ್ಲಿ ಹೊತ್ತುಕೊಂಡು ದಿನಾ ಮೂರು ಮಹಡಿ ಹತ್ತುತ್ತಿದ್ದ. ಕೊನೆಗೆ ಯಾವುದನ್ನು ಮೇಜಿನ ಮೇಲೆ ಇಡುತ್ತಿದ್ದನೋ ಅವಳಿಗೆ ತಿಳಿಯದು. ಇನ್ನು ತಿಳಿಯುವ ದಾರಿಯೂ ಇಲ್ಲ. ಅವಳಿಗೆ ಅಳು ಬರಲಿಲ್ಲ. ಫೋನಿನಲ್ಲಿ ಆ ಪುಟದ ಫೋಟೊ ತೆಗೆದಳು. ತೆಗೆದು, ಸತ್ತವನ ಹೆಂಡತಿಯ ಫೋನಿನಲ್ಲಿರುವ ಚಿತ್ರವನ್ನು ಯಾರು ನಂಬುತ್ತಾರೆ ಅನ್ನಿಸಿತು. ಅವನೇ ಎಷ್ಟು ಸಲ ಹೇಳಿದ್ದ: ಬರೆದದ್ದೆಲ್ಲ ದಾಖಲೆಯಲ್ಲ ಕಣೇ, ಒಂದು ವಹಿಯಲ್ಲಿ ನಮೂದಾಗಿ, ಒಂದು ನಂಬರು ಸಿಕ್ಕಿ, ಅದರ ಜಾಗದಲ್ಲಿ ಕೂತರೆ ಮಾತ್ರ ದಾಖಲೆ, ಆಮೇಲೆ ಅದನ್ನು ದೇವರೂ ಇಲ್ಲ ಅನ್ನುವ ಹಾಗಿಲ್ಲ.

ಬುಧವಾರ ಹೊಲಿಗೆಯವಳು ಬಂದಳು.

ಯಾರೆಂದು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು. ಎದೆಯ ಮೇಲೆ ಬಟ್ಟೆಗೆ ಚುಚ್ಚಿದ ನಾಲ್ಕಾರು ಸೂಜಿ, ಹೆಬ್ಬೆರಳಿನ ತುದಿ ಗಟ್ಟಿಯಾಗಿ ಹೊಳೆಯುತ್ತಿತ್ತು. ಐವತ್ತರ ಹೆಂಗಸು. ಅತ್ತೆ ತಮ್ಮ ಮಂಚವನ್ನೇ ತೋರಿಸಿ ಕೂರಿಸಿದರು. ಪುಸ್ತಕ ಅದೇ ಮಂಚದ ತಲೆದಿಂಬಿನ ಪಕ್ಕ, ಅವಳ ದಿಂಬಿನ ಚೀಲದಲ್ಲಿ, ಇನ್ನೊಂದು ದಿಂಬಿನಂತೆ ಮಲಗಿತ್ತು.

ಹೊಲಿಗೆಯವಳು ಅಳಲಿಲ್ಲ. ಸತ್ತವನು ತನಗೆ ಕುರ್ಚಿ ಕೊಟ್ಟದ್ದನ್ನು ಹೇಳಿದಳು. ಎರಡು ವರ್ಷ ಎಷ್ಟೋ ಕಚೇರಿ ಹತ್ತಿ ಇಳಿದಿದ್ದಳು, ಎಲ್ಲ ಕಡೆ ನಿಂತೇ ಮಾತು. ಇವರೊಬ್ಬರು ತಮ್ಮ ಕುರ್ಚಿ ಬಿಟ್ಟು ಕೊಟ್ಟು, ತಾವು ಸ್ಟೂಲಿನ ಮೇಲೆ ಕೂತರು. ಅವರ ತೋಳಿನ ಗುಂಡಿ ಜೋತಾಡುತ್ತಿತ್ತು, ಕೈಯಲ್ಲಿದ್ದ ನೀಲಿ ದಾರದಲ್ಲೇ ಹಾಕಿಕೊಟ್ಟಳಂತೆ. ಆ ನೀಲಿ ದಾರವನ್ನು ಸೊಸೆ ನೋಡಿದ್ದಳು. ಆಸ್ಪತ್ರೆಯವರು ಮಡಿಸಿ ಕೊಟ್ಟ ಅಂಗಿಯಲ್ಲಿ ಅದೊಂದೇ ಗುಂಡಿ ಗಟ್ಟಿಯಾಗಿತ್ತು.

"ನಾನು ಕೇಳ್ತಿದ್ದದ್ದು ಒಂದೇ," ಅಂದಳು ಹೊಲಿಗೆಯವಳು. "ಅದು ಬೀಳುತ್ತೆ ಅಂತ ಯಾರಿಗಾದ್ರೂ ಮೊದಲೇ ಗೊತ್ತಿತ್ತಾ ಅಂತ. ನನ್ನ ಮಗಳು ಆವತ್ತು ತಡವಾಯ್ತು ಅಂತ ಓಡಿದ್ಲು. ಹೋಗೇ, ಬೇಗ ಹೋಗೇ ಅಂದಿದ್ದು ನಾನೇ."

ಹೊಲಿಗೆಯವಳು ಎದೆಯ ಮೇಲಿನ ಒಂದು ಸೂಜಿಯನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚಿಕೊಂಡಳು.

"ಹೋದ ತಿಂಗಳು ಹನ್ನೊಂದನೇ ತಾರೀಖು ನಿಮ್ಮನೆಯವರು ಕರೆಸಿ ಹೇಳಿದ್ರು. ನಾನೇ ಹುಡುಕಿದೆ ಅಮ್ಮ, ಆ ದಿನ ಸಭೆ ನಡೆದಿಲ್ಲ, ಪುಸ್ತಕವೂ ಇಲ್ಲ ಅಂದ್ರು. ಹೇಳೋವಾಗ ನನ್ನ ಮುಖ ನೋಡೋಕಾಗ್ಲಿಲ್ಲ ಅವರಿಗೆ. ಪಾಪ, ನನಗಿಂತ ಅವರಿಗೇ ಸಂಕಟ ಅಂದ್ಕೊಂಡೆ." ಅವಳು ಎದ್ದು ನಿಂತಳು. "ಕಾರ್ಯದರ್ಶಿ ಹೇಳಿದ್ರೆ ನಂಬ್ತಿರ್ಲಿಲ್ಲ. ಇವರು ಹೇಳಿದ ಮೇಲೆ ಮುಗೀತು. ನಾಡಿದ್ದು ಸಹಿ ಹಾಕ್ತೀನಿ. ಅವರ ಆತ್ಮಕ್ಕಾದ್ರೂ ನೆಮ್ಮದಿ ಆಗ್ಲಿ."

ಬಾಗಿಲವರೆಗೆ ಜೊತೆಗೆ ಹೋಗಿ ಸೊಸೆ ಕೇಳಿದ್ದು ಒಂದೇ: ನಾಳೆ ನೀವು ಎಲ್ಲಿರ್ತೀರಿ?

ಗುರುವಾರವಲ್ಲವೇ, ನಗರಸಭೆಯ ಕೌಂಟರಿನಲ್ಲಿ ಎಂದಳು ಹೊಲಿಗೆಯವಳು. ಪ್ರತಿ ಗುರುವಾರ ಹನ್ನೊಂದಕ್ಕೆ ಹೋಗಿ, ಏನಾದರೂ ಸಿಕ್ಕಿತೇ ಎಂದು ಕೇಳಿ, ಇಲ್ಲ ಅನ್ನಿಸಿಕೊಂಡು ಬರುವುದು ಎರಡು ವರ್ಷದ ಅಭ್ಯಾಸ. ನಾಳೆಯದು ಕೊನೆಯದು. ಹೇಳಿ ಬರಬೇಕಲ್ಲ, ಇನ್ನು ಬರುವುದಿಲ್ಲ ಎಂದು.

ಅವಳ ಹೆಜ್ಜೆ ಮೆಟ್ಟಿಲು ಇಳಿದು ಹೋದ ಮೇಲೆ ಅತ್ತೆ ಮಂಚದ ಮೇಲಿದ್ದ ಗಂಟನ್ನು ತೋರಿಸಿದರು.

"ಏನದು? ಮೂರು ದಿನದಿಂದ ನೋಡ್ತಿದೀನಿ. ಅದಕ್ಕೆ ಮೂಲೆಗಳಿವೆ. ದಿಂಬಿಗೆ ಮೂಲೆ ಚುಚ್ಚಲ್ಲ."

ಅವಳು ಹೇಳಿದಳು. ಅತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಅದಕ್ಕೆ ಓದಿಯೇ ಹೇಳಿದಳು. ಪರದೆಯ ಬಣ್ಣದಿಂದ ಹಿಡಿದು ಏಳನೆಯ ವಿಷಯದವರೆಗೆ, ಆಮೇಲೆ ಒಪ್ಪಂದದ ನಾಲ್ಕನೆಯ ಅಂಶ, ಆಮೇಲೆ ಸಹಿ. ಅತ್ತೆ ಒಪ್ಪಂದದ ಒಂದು ಪ್ರತಿ ಇಸಕೊಂಡು ಸಹಿಯ ಮೇಲೆ ಬೆರಳಿಟ್ಟರು. ಮಗನ ಮೇಲೆ ಬಂದ ಮಾತನ್ನು ತಾಯಿ ಹೇಗೆ ನುಂಗುತ್ತಾಳೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬೈದರೂ ಬೈಯಲಿ ಎಂದು ಕಾದಳು.

"ಚಿಕ್ಕವನಿದ್ದಾಗ ಏನಾದ್ರೂ ಒಡೆದ್ರೆ ಚೂರನ್ನ ದಿಂಬಿನ ಕೆಳಗೆ ಇಡ್ತಿದ್ದ," ಅಂದರು ಅತ್ತೆ. "ಬಂದು ಹೇಳ್ತಿರ್ಲಿಲ್ಲ. ಆಚೆ ಎಸೀತಲೂ ಇರ್ಲಿಲ್ಲ. ಹಾಸಿಗೆ ಕೊಡವೋವಾಗ ನನ್ನ ಕೈಗೇ ಚುಚ್ಚೋದು."

ನಾಳೆ ಇದನ್ನು ವಾಪಸ್ ಕೊಡಬೇಕು ಎಂದಳು ಅವಳು. ದಾಖಲೆ ಕೋಣೆಯವರು ಹಿಂದಿನ ಬಾಗಿಲಿಗೆ ಬಾ ಎಂದಿದ್ದಾರೆ. ಹಾಗೆ ಕೊಟ್ಟರೆ ಇವನ ಹೆಸರು ಎಲ್ಲೂ ಬರುವುದಿಲ್ಲ, ಶುಕ್ರವಾರ ಫೋಟೊ ಹಾಕುತ್ತಾರೆ. ಕೌಂಟರಿನಲ್ಲಿ ಕೊಟ್ಟರೆ ಬರುತ್ತದೆ. ತಾರೀಖಿನ ಸಮೇತ.

ಅತ್ತೆ ಮೂರು ಪ್ರತಿಗಳನ್ನೂ ಜೋಡಿಸಿದರು. ನಾಲ್ಕಾಗಿ ಮಡಿಸಿ ತಮ್ಮ ದಿಂಬಿನ ಕೆಳಗೆ ಸರಿಸಿ, ಅದರ ಮೇಲೆ ಅಂಗೈ ಊರಿದರು.

"ಹಂಡೆ ಹಿಂದಿನ ಬಾಗಿಲಿಂದಲೇ ಕೊಟ್ಟಿದ್ದೆ ಕಣೇ ನಾನು."

ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವಳು ನಗರಸಭೆಯ ಕೌಂಟರಿನ ಸಾಲಿನಲ್ಲಿ ನಿಂತಳು. ಉದ್ದನೆಯ ಕೋಣೆ, ಹಸಿರು ಬಣ್ಣ ಎದೆಮಟ್ಟದವರೆಗೆ, ಅದರ ಮೇಲೆ ಸುಣ್ಣ. ಮೇಲೆ ಒಂದು ಫ್ಯಾನು ತಿರುಗುವುದಕ್ಕಿಂತ ಹೆಚ್ಚಾಗಿ ತಲೆ ಅಲ್ಲಾಡಿಸುತ್ತಿತ್ತು. ಕೌಂಟರಿಗೆ ಕಬ್ಬಿಣದ ಜಾಲರಿ. ಅದರ ಈಚೆ, ಜನರ ಕಡೆಗೆ, ಕೊಟ್ಟ ಪುಸ್ತಕ ಬಂದ ಪುಸ್ತಕಗಳ ವಹಿ. ಯಾರೂ ಒಯ್ಯದಂತೆ ಅದನ್ನು ಸಣಬಿನ ಹುರಿಯಿಂದ ಜಾಲರಿಗೆ ಕಟ್ಟಿತ್ತು. ಅವಳ ಮುಂದೆ ಇಬ್ಬರಿದ್ದರು, ಮನೆಯ ನಕ್ಷೆಗೆ ಬಂದವರು. ಹಿಂದೆ ಯಾರೆಂದು ತಿರುಗಿ ನೋಡುವ ಅಗತ್ಯ ಬೀಳಲಿಲ್ಲ. ಹೊಲಿಗೆಯವಳು ಅವಳನ್ನು ಗುರುತಿಸಿ, ನೀವೇನು ಇಲ್ಲಿ ಎಂದು ಮೆಲ್ಲಗೆ ಕೇಳಿದಳು. ಅವರು ಎರವಲು ತಂದಿದ್ದು ಒಂದಿದೆ, ಕೊಡಬೇಕು ಎಂದಳು. ಹೌದು, ಹೋದವರದ್ದು ಇಟ್ಟುಕೊಳ್ಳಬಾರದು ಎಂದಳು ಹೊಲಿಗೆಯವಳು.

ಧೂಳಪ್ಪ ಅವಳನ್ನು ಸಾಲಿನಲ್ಲಿ ಕಂಡದ್ದೇ ನಕ್ಷೆಯವನ ಅರ್ಜಿಯ ಮೇಲೆ ಮುದ್ರೆಯನ್ನು ತಲೆಕೆಳಗಾಗಿ ಒತ್ತಿದ. ಅವಳ ಸರದಿ ಬಂದಾಗ ಹಿಂದಿನ ಬಾಗಿಲಿನ ಕಡೆಗೆ ಕಣ್ಣು ಮಾಡಿದ. ಅವಳು ದಿಂಬಿನ ಚೀಲವನ್ನು ಜಾಲರಿಯ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದಳು.

"ನನ್ನ ಗಂಡ ಎರವಲು ತಂದಿದ್ರು. ಬರ್ಕೊಂಡು ತಗೊಳ್ಳಿ."

ಅವನು ಮುಟ್ಟಲಿಲ್ಲ. ಮುಖ ಜಾಲರಿಯ ಹತ್ತಿರ ತಂದ. ಜಾಲರಿಯ ತುಕ್ಕು ಅವನ ಹಣೆಗೆ ತಾಗಿತು.

"ಬರೆದ್ರೆ ಅವರ ಹೆಸರು ಬರುತ್ತೆ ತಾಯಿ."

"ಬರ್ಲಿ."

"ನನ್ನದೂ ಬರುತ್ತೆ. ಇನ್ನು ಹನ್ನೊಂದು ದಿನ ಇತ್ತು ನನಗೆ."

ಈ ಮಾತನ್ನು ಅವಳು ಬುಧವಾರವೆಲ್ಲ ಯೋಚಿಸಿದ್ದಳು. ಅವಳು ಅವನ ಮುಖವನ್ನು ನೋಡುತ್ತ ನಿಂತಳು. ಅದೊಂದನ್ನಾದರೂ ಮಾಡಬೇಕೆಂದು ತೀರ್ಮಾನಿಸಿಕೊಂಡು ಬಂದಿದ್ದಳು. ಸಾಲಿನ ಹಿಂದೆ ಯಾರೋ, ಏನ್ರೀ, ಮದುವೆ ಮಾತುಕತೆಯೇ ಎಂದು ಗೊಣಗಿದರು. ಒಬ್ಬಿಬ್ಬರು ನಕ್ಕರು.

ಧೂಳಪ್ಪ ಎದ್ದು ಒಳಗೆ ಹೋದ. ಹೋದವನು ಬರದೇ ಇರಬಹುದಿತ್ತು. ಕಾರ್ಯದರ್ಶಿಯ ಕೋಣೆ ಅದೇ ಓಣಿಯಲ್ಲಿತ್ತು. ಫ್ಯಾನು ಇಲ್ಲ ಇಲ್ಲ ಅನ್ನುತ್ತ ತಲೆ ಆಡಿಸಿತು. ಬಹಳ ಹೊತ್ತಿನ ಮೇಲೆ ಅವನು ಬಂದ. ಕೈಯಲ್ಲಿ ಕೆಂಪು ರಟ್ಟಿತ್ತು. ರಟ್ಟನ್ನು ಕೌಂಟರಿನ ಮೇಲೆ, ಅವಳ ಕಡೆಗೆ ತಿರುಗಿಸಿ ಇಟ್ಟ. ದಿಂಬಿನ ಚೀಲದಿಂದ ಪುಸ್ತಕ ತೆಗೆದು, ಅಂಗಿಯ ತೋಳಿನಿಂದ ರಟ್ಟಿನ ಮೇಲಿಲ್ಲದ ಧೂಳನ್ನು ಒರೆಸಿ, ಪುಟಗಳನ್ನು ಎಣಿಸಿದ. ಹುರಿಯ ಉದ್ದಕ್ಕೆ ವಹಿಯನ್ನು ತನ್ನ ಕಡೆಗೆ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ. ಕೈ ಬರೆಯತೊಡಗಿದ್ದೇ ಬಾಯಿ ತೆರೆಯಿತು. ಬಾಯಿಗೆ ತಡೆಯಿರಲಿಲ್ಲ.

"ವಿಶೇಷ ಸಭೆಗಳ ನಡಾವಳಿ. ನೂರಾ ನಾಲ್ಕನೇ ಪುಸ್ತಕ. ಪುಟ ಒಂದರಿಂದ ಇನ್ನೂರು, ಎಲ್ಲ ಇವೆ. ಒಯ್ದವರು, ಸಂಧಾನಕಾರರು, ಮೇಲ್ಮನವಿ ಕಚೇರಿ. ಒಯ್ದ ದಿನ, ಹೋದ ತಿಂಗಳು ನಾಲ್ಕನೇ ತಾರೀಖು."

ಹೊಲಿಗೆಯವಳು ಅವಳ ಪಕ್ಕಕ್ಕೆ ಬಂದು ನಿಂತಳು. ಮೊದಲು ನೀಲಿ ಪುಸ್ತಕ ನೋಡಿದಳು, ಆಮೇಲೆ ಕೆಂಪು ರಟ್ಟು. ಆ ಸಹಿಯನ್ನು ಅವಳು ಬಲ್ಲಳು. ಎಷ್ಟೋ ನೋಟೀಸಿನ ಕೆಳಗೆ ಕಂಡದ್ದು. ಸಹಿಯ ಪಕ್ಕದ ತಾರೀಖಿನ ಮೇಲೆ ಗಟ್ಟಿಯಾದ ಹೆಬ್ಬೆರಳಿಟ್ಟಳು. ನಾಲ್ಕು. ತುಟಿ ಅಲುಗಿತು. ನಾಲ್ಕರಿಂದ ಹನ್ನೊಂದರವರೆಗೆ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೂ ಹೆಬ್ಬೆರಳು ಅಲ್ಲಿಂದ ಏಳಲಿಲ್ಲ.

"ಕುರ್ಚಿ ಕೊಟ್ಟಿದ್ರು ನನಗೆ," ಅಂದಳು. ಅದು ಸತ್ತವನ ಹೆಂಡತಿಗೆ ಹೇಳಿದ್ದೋ, ಧೂಳಪ್ಪನಿಗೋ, ತಿಳಿಯಲಿಲ್ಲ.

ಅವಳು ಹೌದು ಅಂದಳು.

ಒಳಗಿನ ಓಣಿಯಲ್ಲಿ ಒಂದು ಬಾಗಿಲು ತೆರೆದ ಸದ್ದಾಯಿತು, ಯಾರದೋ ಬೂಟಿನ ಸದ್ದು ಕೌಂಟರಿನ ಕಡೆಗೆ ಹೊರಟಿತು. ಧೂಳಪ್ಪ ತಿರುಗಿ ನೋಡಲಿಲ್ಲ. ರಟ್ಟನ್ನು ಹೊಲಿಗೆಯವಳ ಹೆಬ್ಬೆರಳಿನ ಕೆಳಗಿಂದ ಮೆತ್ತಗೆ ಬಿಡಿಸಿಕೊಂಡು, ಹಿಂದಿರುಗಿಸಿದವರು ಎಂದಿದ್ದ ಖಾಲಿ ಜಾಗವನ್ನು ಅವಳಿಗೆ ತೋರಿಸಿ, ಪೆನ್ನು ಕೊಟ್ಟ. ಅದು ಗಂಡನ ಸಹಿಯ ನೇರ ಕೆಳಗೇ ಇತ್ತು. ಅವಳು ಸಹಿ ಹಾಕಿದಳು. ಎರಡು ವಾರದಿಂದ ಪೆನ್ನು ಹಿಡಿಯದ ಕೈ, ಅಕ್ಷರ ಸ್ವಲ್ಪ ವಾಲಿದವು. ಪೆನ್ನನ್ನು ಹಿಂದಕ್ಕೆ ಕೊಟ್ಟಳು. ಖಾಲಿಯಾದ ದಿಂಬಿನ ಚೀಲವನ್ನು ಒಮ್ಮೆ ಕೊಡವಿ, ಅಂಚಿಗೆ ಅಂಚು ಹಿಡಿದು ನಾಲ್ಕಾಗಿ ಮಡಿಸಿದಳು.